‘ಸಂಸ್ಥೆ’ ಎಂಬ ಪದವೂ ಮುಚ್ಚಿದ ಅಂಗಡಿಗಳ ನೌಕರರೂ

ಶಬ್ದಾರ್ಥವಿಚಾರವು ಪಂಡಿತರ ಓದುವ ಕೋಣೆಗೆ ಸೇರಿದ ವಿಷಯವೆಂದೂ, ಲೋಕವ್ಯವಹಾರಕ್ಕೆ ಅದರಿಂದ ಆಗತಕ್ಕ ಲಾಭನಷ್ಟಗಳು ಅತ್ಯಲ್ಪವೆಂದೂ ಅನೇಕರು ಭಾವಿಸುವುದುಂಟು. ಈ ಭಾವನೆ ಸರಿಯಲ್ಲವೆಂಬುದಕ್ಕೆ ಈಚಿನ ಕಾಲದ ಒಂದು ನಿದರ್ಶನವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ೨೦೦೮ರಿಂದ ೨೦೧೨ರವರೆಗಿನ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಸಿದ್ಧ ಉಡುಪು ಮೊದಲಾದುವನ್ನು ಮಾರುತ್ತಿದ್ದ ಕೆಲವು ದೊಡ್ಡ ಕಂಪನಿಗಳು ದಿವಾಳಿಯಾಗಿ, ಊರೂರಿನಲ್ಲಿದ್ದ ಅವುಗಳ ಅಂಗಡಿಗಳು ಮುಚ್ಚಿಹೋದುವು. ಸಾವಿರಾರು ಮಂದಿ ಕೆಲಸವನ್ನು ಕಳೆದುಕೊಂಡರು. ಮುನ್ಸೂಚನೆ ಕೊಟ್ಟು ಸಮಾಲೋಚಿಸದೆ ಕೆಲಸದಿಂದ ತೆಗೆದುದಕ್ಕಾಗಿ ಅವರಲ್ಲಿ ಹಲವರಿಗೆ ಎರಡು ಮೂರು ತಿಂಗಳ ವೇತನಕ್ಕೆ ಸಮನಾದ ಪರಿಹಾರವನ್ನು ನ್ಯಾಯಮಂಡಲಿಯು ವಿಧಿಸಿತು. ಉಳಿದವರಿಗೆ ಅದೇ ಬಾಬಿನಲ್ಲಿ ಒಂದು ಕಾಸೂ ಇಲ್ಲವೆಂದಿತು. ಈ ಎರಡು ಪಂಗಡದವರೂ ಮಾಡುತ್ತಿದ್ದ ಕೆಲಸ ಒಂದೇ, ಧಣಿ ಒಬ್ಬನೇ, ಕೆಲಸ ಹೋದ ಕಾರಣವೂ ಒಂದೇ. ಅವರ ನಡುವೆ ಭೇದವನ್ನುಂಟುಮಾಡಿದುದು ಶಾಸನದಲ್ಲಿದ್ದ ‘ಎಸ್ಟಾಬ್ಲಿಷ್‌ಮೆಂಟ್’ ಎಂಬ ಒಂದೇ ಒಂದು ಪದದ ಅರ್ಥ.

ಈ ಪದವನ್ನು ನಾವು ಕನ್ನಡದಲ್ಲಿ ‘ಸಂಸ್ಥೆ’ ಎಂದು ಹೇಳುವುದು ವಾಡಿಕೆ. ಮೂರು ಪಟ್ಟಣಗಳಲ್ಲಿ ಮೂರು ಅಂಗಡಿಗಳಿರುವ ಒಂದು ವ್ಯಾಪಾರವನ್ನು ಒಂದು ಸಂಸ್ಥೆಯೆನ್ನಬೇಕೆ, ಮೂರು ಸಂಸ್ಥೆಗಳೆನ್ನಬೇಕೆ? ಕನ್ನಡದ ರೂಢಿ ಎರಡಕ್ಕೂ ಎಡೆಗೊಡುತ್ತದೆ. ವಿವಾದದ ಬೀಜವಿರುವುದು ಇಲ್ಲಿಯೇ.

೧

ಮೊದಲು ದಿವಾಳಿಯ ಕ್ರಮವನ್ನು ಸಂಗ್ರಹವಾಗಿ ತಿಳಿಯಬೇಕು. ಬ್ರಿಟನ್ನಿನ ಕಾನೂನಿನಲ್ಲಿ, ಸಾಲ ತೀರಿಸಲಾರದ ಕಂಪನಿಯು ನಿರ್ದೇಶಕರ ಕೈಬಿಟ್ಟು, ಅದಕ್ಕಾಗಿ ಪರವಾನಗಿ ಪಡೆದ ಒಬ್ಬ ಆಡಳಿತಾಧಿಕಾರಿಯ ವಶಕ್ಕೆ ಹೋಗುತ್ತದೆ. ಕಂಪನಿಯನ್ನು ಉಳಿಸಲು ಯತ್ನಿಸುವುದು ಅವನ ಮೊದಲನೆಯ ಕರ್ತವ್ಯ. ಅದಾಗದಿದ್ದರೆ ಸಾಲಗಾರರಿಗೆ ಆದಷ್ಟು ಹೆಚ್ಚು ಹಣ ಬರುವಂತೆ ಅದನ್ನು ವಿಲೇವಾರಿ ಮಾಡಬೇಕು. ಕೊಳ್ಳಲು ಬರುವವರು ಸಾಮಾನ್ಯವಾಗಿ ಕಂಪನಿಯ ಹೆಸರನ್ನೂ, ದಾಸ್ತಾನನ್ನೂ, ಲಾಭದಲ್ಲಿರುವ ಕೆಲವು ಅಂಗಡಿಗಳನ್ನೂ ಬಯಸುತ್ತಾರೆ. ಉಳಿದ ಅಂಗಡಿಗಳ ಬಾಗಿಲಿಗೆ ಬೀಗ ಬೀಳುತ್ತದೆ. ಒಂದೊಂದು ದಿನದ ಬಾಡಿಗೆ ಮತ್ತು ವೇತನವೂ ಸಾಲಗಾರರ ಪಾಲನ್ನು ಕಡಮೆ ಮಾಡುವುದರಿಂದ, ಈ ಕೆಲಸವೆಲ್ಲ ಅವಸರದಲ್ಲಿಯೇ ನಡೆಯುತ್ತದೆ.

ಇಂಥ ಸಂದರ್ಭದಲ್ಲಿ ನೌಕರನೂ ಒಬ್ಬ ಸಾಲಕೊಟ್ಟವನೇ. ದುಡಿದು ಇನ್ನೂ ಕೂಲಿ ಪಡೆಯದವನು ಧಣಿಗೆ ತನ್ನ ದುಡಿಮೆಯನ್ನು ಸಾಲವಾಗಿ ಕೊಟ್ಟಂತಾಯಿತು. ಬ್ಯಾಂಕಿನವನು ಈಡು ಹಿಡಿದು ಸಾಲ ಕೊಡುತ್ತಾನೆ, ನೌಕರನಿಗೆ ಈಡೆಂಬುದಿಲ್ಲ. ಕಡೆಯ ನಾಲ್ಕು ತಿಂಗಳ ವೇತನದ ಬಾಕಿಯಲ್ಲಿ ೮೦೦ ಪೌಂಡುಗಳವರೆಗೆ ಮಾತ್ರ ಅವನಿಗೆ ಆದ್ಯತೆಯುಂಟು; ಅದಕ್ಕೆ ಮೀರಿದುದು ಈಡಿಲ್ಲದ ಸಾಲಗಳ ಸಾಲಿಗೆ ಸೇರುತ್ತದೆ. ಈ ಕೊರತೆಯನ್ನು ತುಂಬಲು ಸರ್ಕಾರದ ರಾಷ್ಟ್ರೀಯ ವಿಮಾ ನಿಧಿಯು ಎಂಟು ವಾರಗಳವರೆಗಿನ ಬಾಕಿ ವೇತನವನ್ನು ಒಂದು ಗೊತ್ತಾದ ಮಿತಿಗೊಳಪಟ್ಟು ಕೊಡುತ್ತದೆ. ಮುಂದೆ ಹೇಳಲಿರುವ ಪರಿಹಾರವೂ ಈ ನಿಧಿಯಿಂದಲೇ, ಈ ಮಿತಿಗೊಳಪಟ್ಟೇ ಸಲ್ಲತಕ್ಕುದು.

ಆ ಪರಿಹಾರಕ್ಕೆ ‘ರಕ್ಷಣಾ ಪರಿಹಾರ’ವೆಂದು ಹೆಸರು. ಇದು ಕೆಲಸ ಹೋದುದಕ್ಕಾಗಿ ಕೊಡುವುದಲ್ಲ; ಹೇಳದೆ ಕೇಳದೆ ಹೋಗಿಸಿದುದಕ್ಕಾಗಿ ವಿಧಿಸುವುದು. ೧೯೯೨ರ ಕಾರ್ಮಿಕ ಸಂಘಗಳ ಅಧಿನಿಯಮದ ೧೮೮ನೆಯ ಪ್ರಕರಣದ ಮೇರೆಗೆ, ೯೦ ದಿನಗಳೊಳಗಾಗಿ ‘ಒಂದು ಎಸ್ಟಾಬ್ಲಿಷ್‌ಮೆಂಟಿನಲ್ಲಿ’ ೨೦ ಮಂದಿಯನ್ನು ಅಥವಾ ಅದಕ್ಕಿಂತ ಹೆಚ್ಚು ಮಂದಿಯನ್ನು ತೆಗೆಯಬೇಕೆಂದಿರುವ ಧಣಿಯು, ಅವರ ಪ್ರತಿನಿಧಿಗಳೊಡನೆ ಮೊದಲೇ ಸಮಾಲೋಚಿಸಬೇಕು. ಕೆಲಸದಿಂದ ತೆಗೆಯುವುದನ್ನು ತಪ್ಪಿಸಬಹುದೇ, ತೆಗೆಯುವವರ ಸಂಖ್ಯೆಯನ್ನು ಕಡಮೆ ಮಾಡಬಹುದೇ, ಅದರಿಂದಾಗುವ ಕಷ್ಟವನ್ನು ಹಗುರಗೊಳಿಸಬಹುದೇ ಎಂಬುವು ಸಮಾಲೋಚನೆಯ ವಿಷಯಗಳು. ಹಾಗೆ ಸಮಾಲೋಚಿಸದಿದ್ದರೆ ನ್ಯಾಯಮಂಡಲಿಯು ಪ್ರತಿಯೊಬ್ಬನಿಗೂ ೯೦ ದಿನಗಳವರೆಗಿನ ವೇತನವನ್ನು ಕೊಡಿಸಬಹುದು ಎಂಬುದು ಈ ವಿವಾದಗಳು ನಡೆದ ಕಾಲದ ನಿಯಮ.

೨

ಈ ಪ್ರಕರಣದ ‘ಒಂದು ಎಸ್ಟಾಬ್ಲಿಷ್‌ಮೆಂಟಿನಲ್ಲಿ’ ಎಂಬ ಮಾತು ಕಾರ್ಖಾನೆಗಳ ವಿಷಯದಲ್ಲಿ ಹೆಚ್ಚು ತೊಡಕನ್ನುಂಟುಮಾಡಲಿಲ್ಲ. ಕಾರ್ಖಾನೆ ಮುಚ್ಚಿದರೆ ನೂರಾರು ಜನ ಒಂದೇ ಗೇಟಿನಿಂದ ಹೊರಗೆ ಬರುತ್ತಾರೆ, ಎಣಿಕೆ ಸುಲಭ. ಅಂಗಡಿಗಳ ಸರಪಳಿ ಹಾಗಲ್ಲ. ಒಂದೇ ಕಂಪನಿಯ ನೌಕರರು ನೂರಾರು ಊರುಗಳಲ್ಲಿ ಹತ್ತು ಹದಿನೈದು ಜನರ ಗುಂಪುಗಳಾಗಿ ಹಂಚಿಹೋಗಿರುತ್ತಾರೆ. ಒಟ್ಟು ಕೂಡಿದರೆ ಅದೊಂದು ದೊಡ್ಡ ಸಮೂಹ; ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಸಮೂಹವಲ್ಲ.

ವುಲ್‌ವರ್ತ್ಸ್ ಕಂಪನಿಯು ಬ್ರಿಟನ್ನಿನ ಹೈಸ್ಟ್ರೀಟುಗಳಲ್ಲಿ ಮಕ್ಕಳ ಉಡುಪು, ಮಿಠಾಯಿ, ಮನೆಬಳಕೆಯ ಸಾಮಾನುಗಳನ್ನು ಮಾರುತ್ತಿದ್ದಿತು. ೨೦೦೮ರ ನವೆಂಬರಿನಲ್ಲಿ ಅದು ಆಡಳಿತಾಧಿಕಾರಿಗಳ ಕೈಸೇರಿ, ೨೦೦೯ರ ಜನವರಿ ೬ರ ಹೊತ್ತಿಗೆ ಅದರ ೮೦೭ ಅಂಗಡಿಗಳೂ ಮುಚ್ಚಿದುವು. ಸುಮಾರು ೨೭,೦೦೦ ಮಂದಿಯ ಕೆಲಸ ಹೋಯಿತು. ಎಥೆಲ್ ಆಸ್ಟಿನ್ ಎಂಬುದು ಶುದ್ಧ ಉಡುಪಿನ ವ್ಯಾಪಾರ. ಅದೇ ಹೆಸರಿನ ಮಹಿಳೆಯೊಬ್ಬರು ೧೯೩೪ರಲ್ಲಿ ಲಿವರ್‌ಪೂಲಿನ ತಮ್ಮ ಮನೆಯ ಮುಂಗೋಣೆಯಲ್ಲಿ ಆರಂಭಿಸಿದುದು. ಅಗ್ಗದ ಬಟ್ಟೆಗೆ ಹೆಸರಾಗಿ ಬೆಳೆದ ಈ ಕಂಪನಿ ೨೦೦೮ರಲ್ಲೊಮ್ಮೆ, ೨೦೧೦ರಲ್ಲಿ ಮತ್ತೊಮ್ಮೆ ದಿವಾಳಿಯಾಯಿತು.

ಎರಡು ಕಡೆಗಳಲ್ಲಿಯೂ ನೌಕರರ ಪರವಾಗಿ ಅಂಗಡಿ ಮತ್ತು ವಿತರಣಾ ಕೆಲಸಗಾರರ ಒಕ್ಕೂಟವು ಉದ್ಯೋಗ ನ್ಯಾಯಮಂಡಲಿಯ ಮುಂದೆ ಹೋಯಿತು. ಸಮಾಲೋಚನೆ ಸರಿಯಾಗಿ ನಡೆದಿರಲಿಲ್ಲವೆಂದು ನ್ಯಾಯಮಂಡಲಿಯು ಒಪ್ಪಿ, ೨೦೧೨ರಲ್ಲಿ ವುಲ್‌ವರ್ತ್ಸಿನ ಸುಮಾರು ೨೪,೦೦೦ ಮಂದಿಗೆ ೬೦ ದಿನಗಳ ವೇತನವನ್ನು ವಿಧಿಸಿತು. ಎಥೆಲ್ ಆಸ್ಟಿನ್ನಿನ ನೌಕರರಿಗೂ ಇಂಥ ಪರಿಹಾರ ದೊರೆಯಿತು. ಆದರೆ ಇಪ್ಪತ್ತಕ್ಕಿಂತ ಕಡಮೆ ನೌಕರರಿದ್ದ ಅಂಗಡಿಗಳವರನ್ನು ಇದರಿಂದ ಹೊರಗಿಟ್ಟಿತು. ಅಂಗಡಿಯೇ ‘ಎಸ್ಟಾಬ್ಲಿಷ್‌ಮೆಂಟ್’, ಅಲ್ಲಿ ಇಪ್ಪತ್ತು ಮಂದಿಯಿಲ್ಲ, ಆದುದರಿಂದ ಸಮಾಲೋಚನೆಯ ಹಕ್ಕೂ ಇಲ್ಲ, ಪರಿಹಾರವೂ ಇಲ್ಲ ಎಂಬುದು ಅದರ ತರ್ಕ. ಹೀಗೆ ಹೊರಗುಳಿದವರು ವುಲ್‌ವರ್ತ್ಸಿನಲ್ಲಿ ೩,೨೦೦, ಎಥೆಲ್ ಆಸ್ಟಿನ್ನಿನಲ್ಲಿ ೧,೨೦೦, ಒಟ್ಟು ಸುಮಾರು ೪,೪೦೦ ಮಂದಿ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಒಂದು ಊರಿನ ಅಂಗಡಿಯಲ್ಲಿ ೨೧ ಮಂದಿ, ನೆರೆಯೂರಿನ ಅಂಗಡಿಯಲ್ಲಿ ೧೯ ಮಂದಿ. ಎರಡೂ ಒಂದೇ ಕಂಪನಿಯವು. ಒಂದೇ ಕಾಗದದ ಮೂಲಕ ಒಂದೇ ದಿನ ಮುಚ್ಚಿದುವು. ಮೊದಲನೆಯ ಅಂಗಡಿಯ ಜವಾನನಿಗೂ ಎರಡು ತಿಂಗಳ ವೇತನ ವಿಧಿಸಲ್ಪಡುತ್ತದೆ; ಎರಡನೆಯದರಲ್ಲಿ ಇಪ್ಪತ್ತು ವರ್ಷ ದುಡಿದವಳಿಗೂ ಅದಿಲ್ಲ. ಒಬ್ಬ ನೌಕರನ ಕೊರತೆಯು ಹತ್ತೊಂಬತ್ತು ಮಂದಿಯ ಹಕ್ಕನ್ನು ಅಳಿಸಿತು.

ಒಕ್ಕೂಟವು ಮೇಲ್ಮನವಿ ಮಾಡಿತು. ೨೦೧೩ರಲ್ಲಿ ಉದ್ಯೋಗ ಮೇಲ್ಮನವಿ ನ್ಯಾಯಮಂಡಲಿಯು, ಶಾಸನದಲ್ಲಿರುವ ‘ಒಂದು ಎಸ್ಟಾಬ್ಲಿಷ್‌ಮೆಂಟಿನಲ್ಲಿ’ ಎಂಬ ಮಾತು ಅಲ್ಲಿ ಇಲ್ಲವೆಂದೇ ತಿಳಿದು ಓದಬೇಕೆಂದು ತೀರ್ಪಿತ್ತಿತು. ಈ ಶಾಸನವು ಯೂರೋಪಿನ ಒಕ್ಕೂಟದ ಒಂದು ನಿರ್ದೇಶವನ್ನು ಜಾರಿಗೆ ತರಲು ಹುಟ್ಟಿದುದು. ಆ ನಿರ್ದೇಶದ ಉದ್ದೇಶ ಕಾರ್ಮಿಕರ ರಕ್ಷಣೆ. ಆ ಉದ್ದೇಶಕ್ಕೆ ಅಡ್ಡಬರುವ ಮಾತನ್ನು ಬಿಡಬೇಕು ಎಂಬುದು ಅದರ ಅಭಿಪ್ರಾಯ. ತಾತ್ಪರ್ಯಕ್ಕೆ ಬಾಧಕವಾದ ಪದವನ್ನು ತ್ಯಜಿಸುವ ಈ ಧೈರ್ಯದ ವ್ಯಾಖ್ಯಾನವು ಹೆಚ್ಚು ಕಾಲ ನಿಲ್ಲಲಿಲ್ಲ. ೨೦೧೪ರಲ್ಲಿ ಅಪೀಲು ನ್ಯಾಯಾಲಯವು ಪ್ರಶ್ನೆಯನ್ನು ಲಕ್ಸೆಂಬರ್ಗಿನಲ್ಲಿರುವ ಯೂರೋಪಿನ ನ್ಯಾಯಾಲಯಕ್ಕೆ ಕಳುಹಿಸಿತು.

ಅದೇ ಕಾಲಕ್ಕೆ ಉತ್ತರ ಐರ್ಲೆಂಡಿನಿಂದಲೂ ಇದೇ ಪ್ರಶ್ನೆ ಅಲ್ಲಿಗೆ ಹೋಗಿದ್ದಿತು. ಬಾನ್‌ಮಾರ್ಷೆ ಎಂಬ ಸ್ತ್ರೀಯರ ಉಡುಪಿನ ಕಂಪನಿಯು, ತನ್ನ ಒಡೆತನವನ್ನು ಹೊಂದಿದ್ದ ಪೀಕಾಕ್ಸ್ ಬಳಗವು ೨೦೧೨ರ ಜನವರಿಯಲ್ಲಿ ದಿವಾಳಿಯಾದಾಗ ಬೇರೊಬ್ಬರ ಕೈಸೇರಿತು. ಅದರ ೩೯೪ ಅಂಗಡಿಗಳು ೨೬೫ಕ್ಕೆ ಇಳಿದುವು. ಉತ್ತರ ಐರ್ಲೆಂಡಿನಲ್ಲಿದ್ದ ೨೦ ಅಂಗಡಿಗಳಲ್ಲಿ ಉಳಿದುವು ೮. ಅಲ್ಲಿ ಮೊರೆಯಿಟ್ಟ ನೌಕರರ ಅಂಗಡಿಗಳಲ್ಲಿ ಒಂದರಲ್ಲಿಯೂ ಇಪ್ಪತ್ತು ಮಂದಿಯಿರಲಿಲ್ಲ.

೩

ಭಾಷಾಭ್ಯಾಸಿಗಳಿಗೆ ವಿಶೇಷ ಸ್ವಾರಸ್ಯವಾದ ಭಾಗವು ಇಲ್ಲಿಂದ ಮುಂದೆ ಇದೆ. ಯೂರೋಪಿನ ಒಕ್ಕೂಟದ ನಿರ್ದೇಶಗಳು ಅದರ ಎಲ್ಲ ಅಧಿಕೃತ ಭಾಷೆಗಳಲ್ಲಿಯೂ ಪ್ರಕಟವಾಗುತ್ತವೆ. ಎಲ್ಲವೂ ಸಮಾನ ಪ್ರಮಾಣ. ಇಂಥದು ಮೂಲ, ಇಂಥದು ಅನುವಾದವೆಂಬ ಭೇದವಿಲ್ಲ. ಒಂದು ಭಾಷೆಯ ಪದ ಸಂದಿಗ್ಧವಾದರೆ ಉಳಿದ ಭಾಷೆಗಳ ಪಾಠವನ್ನು ಹೋಲಿಸಿ ನೋಡುವುದು ನ್ಯಾಯಾಧೀಶರ ಪದ್ಧತಿ. ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರಿಗೆ ಈ ಶ್ರಮ ಅಪರಿಚಿತವಲ್ಲ.

ಡೆನ್ಮಾರ್ಕಿನ ರಾಕ್‌ಫೊನ್ ಕಂಪನಿಯ ವಿವಾದದಲ್ಲಿ ೧೯೯೫ರ ಡಿಸೆಂಬರ್ ೭ರಂದು ಆ ನ್ಯಾಯಾಲಯವು ಇದೇ ಪದವನ್ನು ಹೀಗೆ ಪರೀಕ್ಷಿಸಿದ್ದಿತು. ಇಂಗ್ಲಿಷಿನಲ್ಲಿ ‘ಎಸ್ಟಾಬ್ಲಿಷ್‌ಮೆಂಟ್’, ಫ್ರೆಂಚಿನಲ್ಲಿ ‘ಎಟಾಬ್ಲಿಸ್‌ಮಾಂ’. ಇವೆರಡೂ ಒಂದೇ ಮೂಲದವು. ಜರ್ಮನ್ ಭಾಷೆಯಲ್ಲಿ ‘ಬೆಟ್ರೀಪ್’. ಇದು ‘ನಡೆಸು’ ಎಂಬರ್ಥದ ಧಾತುವಿನಿಂದ ಬಂದುದು. ಸ್ಪ್ಯಾನಿಷ್ ಪಾಠದಲ್ಲಿ ‘ಕೆಲಸದ ಕೇಂದ್ರ’ವೆಂಬ ಅರ್ಥದ ಮಾತಿದೆ, ಡಚ್ ಪಾಠದಲ್ಲಿ ‘ಸ್ಥಳೀಯ ಘಟಕ’ವೆಂದಿದೆ, ಡೇನಿಷ್ ಪಾಠದ ಪದ ‘ಉದ್ಯಮ’ವೆಂಬ ವಿಶಾಲಾರ್ಥಕ್ಕೆ ಹತ್ತಿರ. ಒಂದು ಭಾಷೆಯವನು ಅಂಗಡಿಯ ನಾಲ್ಕು ಗೋಡೆಗಳನ್ನು ಕಾಣುತ್ತಾನೆ, ಮತ್ತೊಂದು ಭಾಷೆಯವನು ಇಡೀ ವ್ಯಾಪಾರವನ್ನು ಕಾಣುತ್ತಾನೆ. ಪದಗಳು ಹೀಗೆ ಭಿನ್ನಾರ್ಥಗಳಾಗಿರುವುದರಿಂದ, ಯಾವ ಒಂದು ದೇಶದ ರೂಢಿಯನ್ನೂ ಅವಲಂಬಿಸದೆ ನಿರ್ದೇಶದ ಉದ್ದೇಶವನ್ನೂ ರಚನೆಯನ್ನೂ ನೋಡಿ ಅರ್ಥವನ್ನು ನಿಶ್ಚಯಿಸಬೇಕೆಂದು ನ್ಯಾಯಾಲಯವು ಹೇಳಿ, ‘ನೌಕರನು ತನ್ನ ಕರ್ತವ್ಯ ನಿರ್ವಹಿಸಲು ಯಾವ ಘಟಕಕ್ಕೆ ನೇಮಿತನಾಗಿದ್ದಾನೋ ಆ ಘಟಕ’ವೇ ಇದರ ಅರ್ಥವೆಂದು ಗೊತ್ತುಮಾಡಿತು.

ಗಮನಿಸಬೇಕಾದ ಸಂಗತಿಯೆಂದರೆ, ಆಗ ಈ ಕಿರಿದಾದ ಅರ್ಥವು ಕಾರ್ಮಿಕರಿಗೆ ಅನುಕೂಲವಾದುದು. ಎಣಿಕೆಗೆ ನಿರ್ದೇಶವು ಎರಡು ಮಾರ್ಗಗಳನ್ನು ಕೊಟ್ಟಿದೆ. ಅವುಗಳಲ್ಲಿ ಒಂದನ್ನು ಪ್ರತಿ ದೇಶವೂ ಆರಿಸಿಕೊಳ್ಳಬಹುದು. ಡೆನ್ಮಾರ್ಕ್ ಆರಿಸಿದ ಮಾರ್ಗದಲ್ಲಿ ಘಟಕದ ಗಾತ್ರಕ್ಕೆ ತಕ್ಕಂತೆ ಎಣಿಕೆ ಏರುತ್ತದೆ. ೧೦೦ರಿಂದ ೩೦೦ರವರೆಗೆ ನೌಕರರಿರುವಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯನ್ನು ತೆಗೆದರೆ ಸಾಕು. ಅಲ್ಲಿ ಘಟಕ ಚಿಕ್ಕದಾದಷ್ಟೂ ರಕ್ಷಣೆ ಸುಲಭ. ಬ್ರಿಟನ್ ಆರಿಸಿದ ಎರಡನೆಯ ಮಾರ್ಗದಲ್ಲಿ ಘಟಕದ ಗಾತ್ರ ಎಷ್ಟೇ ಇರಲಿ ೨೦ ಮಂದಿಯಾಗಲೇಬೇಕು. ಇಲ್ಲಿ ಘಟಕ ಚಿಕ್ಕದಾದಷ್ಟೂ ರಕ್ಷಣೆ ದೂರ. ಒಂದೇ ಅರ್ಥ ೧೯೯೫ರಲ್ಲಿ ಕೊಡೆಯಾಯಿತು; ಇಪ್ಪತ್ತು ವರ್ಷಗಳ ಮೇಲೆ ಅದೇ ಅರ್ಥ ಆ ಕೊಡೆಯನ್ನು ಕಸಿದುಕೊಂಡಿತು.

೨೦೧೫ರ ಏಪ್ರಿಲ್ ೩೦ರಂದು ಎಥೆಲ್ ಆಸ್ಟಿನ್ ಮತ್ತು ವುಲ್‌ವರ್ತ್ಸ್ ವಿವಾದದಲ್ಲಿಯೂ, ಮೇ ೧೩ರಂದು ಬಾನ್‌ಮಾರ್ಷೆ ವಿವಾದದಲ್ಲಿಯೂ ನ್ಯಾಯಾಲಯವು ತನ್ನ ಹಿಂದಿನ ಅರ್ಥವನ್ನೇ ಸ್ಥಿರಪಡಿಸಿತು. ಎರಡು ಮಾರ್ಗಗಳಲ್ಲಿಯೂ ಬಂದಿರುವ ಒಂದೇ ಪದಕ್ಕೆ ಎರಡರ್ಥ ಹೇಳಕೂಡದೆಂಬುದು ಅದರ ಮುಖ್ಯ ಯುಕ್ತಿ. ಒಮ್ಮೆ ಉಚ್ಚರಿಸಿದ ಶಬ್ದಕ್ಕೆ ಒಂದೇ ಅರ್ಥವೆಂಬ ನಮ್ಮ ಮೀಮಾಂಸಕರ ನ್ಯಾಯವು ಇದಕ್ಕೆ ದೂರದ್ದಲ್ಲ. ಎರಡನೆಯದಾಗಿ, ನಿರ್ದೇಶಕ್ಕೆ ಕಾರ್ಮಿಕರ ರಕ್ಷಣೆಯೊಂದೇ ಉದ್ದೇಶವಲ್ಲ. ಆ ರಕ್ಷಣೆಯ ವೆಚ್ಚವು ಎಲ್ಲ ದೇಶಗಳಲ್ಲಿಯೂ ಸರಿಸುಮಾರಾಗಿ ಸಮನಾಗಿರಬೇಕೆಂಬುದೂ ಒಂದು ಉದ್ದೇಶ. ೧೯೭೩ರಲ್ಲಿ ಅಕ್ಜೊ ಎಂಬ ಬಹುರಾಷ್ಟ್ರೀಯ ಕಂಪನಿಯು, ಯಾವ ದೇಶದಲ್ಲಿ ನೌಕರರನ್ನು ತೆಗೆಯುವುದು ಅಗ್ಗವೆಂದು ಲೆಕ್ಕಹಾಕಿ ಅಲ್ಲಿ ತೆಗೆಯಲು ಹೊರಟುದೇ ೧೯೭೫ರ ಮೊದಲನೆಯ ನಿರ್ದೇಶಕ್ಕೆ ಪ್ರೇರಣೆಗಳಲ್ಲೊಂದು. ಮೂರನೆಯದಾಗಿ, ಎಲ್ಲ ಅಂಗಡಿಗಳನ್ನೂ ಕೂಡಿ ಎಣಿಸಿದರೆ ದೂರದ ಊರೊಂದರಲ್ಲಿ ಕೆಲಸ ಕಳೆದುಕೊಂಡ ಒಬ್ಬನೇ ಒಬ್ಬನೂ ‘ಸಮೂಹ’ಕ್ಕೆ ಸೇರಬೇಕಾಗುತ್ತದೆ, ಇದು ಆ ಮಾತಿನ ಲೋಕರೂಢಿಗೆ ವಿರುದ್ಧವೆಂದು ನ್ಯಾಯಾಲಯವು ಭಾವಿಸಿತು. ಆದರೆ ಯಾವ ದೇಶವೂ ತನ್ನ ಕಾರ್ಮಿಕರಿಗೆ ಇದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ತನ್ನ ಶಾಸನದಿಂದ ಕೊಡಲು ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಇದಕ್ಕೆ ಮೊದಲು ಅಭಿಪ್ರಾಯ ಕೊಟ್ಟಿದ್ದ ಅಡ್ವೊಕೇಟ್ ಜನರಲ್ ನಿಲ್ಸ್ ವಾಲ್ ಅವರು, ಒಂದೇ ಮಾರುಕಟ್ಟೆ ಕಟ್ಟಡದೊಳಗೆ ಒಬ್ಬನೇ ಧಣಿಯ ಹಲವು ಅಂಗಡಿಗಳಿದ್ದರೆ ಅವನ್ನೆಲ್ಲ ಒಂದೇ ಘಟಕವೆಂದು ಎಣಿಸುವುದು ಅಸಂಭವವಲ್ಲವೆಂದಿದ್ದರು. ಆದರೆ ಊರೂರಿಗೆ ಚದುರಿದವರಿಗೆ ಇದರಿಂದ ಪ್ರಯೋಜನವಿರಲಿಲ್ಲ. ೪,೪೦೦ ಮಂದಿಯ ಆಸೆ ಅಲ್ಲಿಗೆ ಮುಗಿಯಿತು.

ನ್ಯಾಯಾಲಯದ ಅರ್ಥನಿರ್ಣಯವು ಅಸಂಗತವೆಂದು ಹೇಳಲಾಗದು. ಪದದ ಏಕಾರ್ಥತೆಯ ದೃಷ್ಟಿಯಿಂದ ಅದು ನಿರ್ದುಷ್ಟವಾದುದೇ. ಆದರೆ ಲೋಕರೂಢಿಯ ಯುಕ್ತಿಯಲ್ಲಿ ಒಂದು ಕೊರತೆಯಿದೆಯೆಂದು ನಮಗೆ ತೋರುತ್ತದೆ. ಕೆಲಸ ಹೋಗುವುದು ಅಂಗಡಿಯಲ್ಲಿಯಾದರೂ, ಹೋಗಬೇಕೆಂಬ ನಿರ್ಣಯ ಅಂಗಡಿಯಲ್ಲಿ ಆಗುವುದಿಲ್ಲ. ಅದು ಮುಖ್ಯ ಕಚೇರಿಯಲ್ಲಿ, ಎಲ್ಲ ಅಂಗಡಿಗಳನ್ನೂ ಒಂದು ಪಟ್ಟಿಯಲ್ಲಿಟ್ಟುಕೊಂಡು ಆಗುತ್ತದೆ. ಸಮಾಲೋಚನೆಯೆಂಬುದು ನಿರ್ಣಯದ ಕುರಿತಾದುದು. ನಿರ್ಣಯಮಾಡುವಾಗ ಒಂದಾಗಿ ಎಣಿಸಲ್ಪಟ್ಟವರನ್ನು ಹಕ್ಕು ಕೇಳುವಾಗ ಮಾತ್ರ ಬಿಡಿಯಾಗಿ ಎಣಿಸುವುದು ಅರ್ಥಸಂಗತವಾದರೂ ನ್ಯಾಯಸಂಗತವೆನಿಸದು. ಇಂಥಲ್ಲಿ ವ್ಯಾಖ್ಯಾನಕಾರನ ಕೈಮೀರುತ್ತದೆ, ಶಾಸನಕಾರನೇ ಮಾತನಾಡಬೇಕಾಗುತ್ತದೆ. ಬ್ರಿಟನ್ ೨೦೨೦ರಲ್ಲಿ ಒಕ್ಕೂಟವನ್ನು ಬಿಟ್ಟಿತು. ೨೦೨೫ರ ಡಿಸೆಂಬರಿನಲ್ಲಿ ಅಲ್ಲಿ ಅಂಗೀಕೃತವಾದ ಉದ್ಯೋಗ ಹಕ್ಕುಗಳ ಅಧಿನಿಯಮವು, ಒಂದು ‘ಎಸ್ಟಾಬ್ಲಿಷ್‌ಮೆಂಟಿನ’ ೨೦ರ ಎಣಿಕೆಯ ಜೊತೆಗೆ, ಉದ್ಯಮದ ಒಟ್ಟು ಸಂಖ್ಯೆಯನ್ನು ನೋಡುವ ಎರಡನೆಯ ಎಣಿಕೆಯೊಂದನ್ನು ನಿಯಮಗಳ ಮೂಲಕ ತರಲು ಎಡೆಮಾಡಿತು. ಪದ ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ಮತ್ತೊಂದು ಪದಕ್ಕೆ ಸ್ಥಾನ ದೊರೆತಂತಾಯಿತು.

೪

ಈ ಕಥೆ ಪರದೇಶದ್ದಾದರೂ ಇದರ ಪದಸಮಸ್ಯೆ ನಮ್ಮದೂ ಹೌದು. ೧೯೪೭ರ ಕೈಗಾರಿಕಾ ವಿವಾದಗಳ ಅಧಿನಿಯಮದಲ್ಲಿ, ೧೦೦ ಮಂದಿ ಕೆಲಸಗಾರರಿರುವ ಉದ್ಯಮವನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ವಿಧಿಯಿದ್ದಿತು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಸಂಖ್ಯೆಯನ್ನು ೩೦೦ಕ್ಕೆ ಏರಿಸಿತು. ಎರಡರಲ್ಲಿಯೂ ಈ ವಿಧಿಯ ಸಂದರ್ಭದಲ್ಲಿ ‘ಕೈಗಾರಿಕಾ ಸಂಸ್ಥೆ’ಯೆಂದರೆ ಕಾರ್ಖಾನೆ, ಗಣಿ, ತೋಟ, ಇಷ್ಟೇ. ಸಾವಿರ ಮಂದಿಯಿರುವ ಉಡುಪಿನ ಅಂಗಡಿಗಳ ಸರಪಳಿಗೂ ಇದರೊಳಗೆ ಸ್ಥಳವಿಲ್ಲ. ಆ ಉಡುಪನ್ನು ಬೆಂಗಳೂರಿನ ದೊಡ್ಡ ಕಾರ್ಖಾನೆಯಲ್ಲಿ ಹೊಲಿದವಳು ಆ ಅರ್ಥದೊಳಗೆ ಬರುತ್ತಾಳೆ. ಅದನ್ನೇ ಅಂಗಡಿಯಲ್ಲಿ ಬಿಡಿಸಿ ತೋರಿಸಿ ಮಾರುವವಳು ಬರುವುದಿಲ್ಲ. ಇನ್ನು ನಮ್ಮ ರಾಜ್ಯದ ೧೯೬೧ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಲ್ಲಿ ‘ಸಂಸ್ಥೆ’ಯೆಂದರೆ ಒಂದು ಅಂಗಡಿ ಅಥವಾ ಒಂದು ವಾಣಿಜ್ಯ ಸಂಸ್ಥೆ. ದಿನಪತ್ರಿಕೆಯಲ್ಲಿ ಮಾತ್ರ ‘ಸಂಸ್ಥೆ ದಿವಾಳಿಯಾಯಿತು’ ಎಂದು ಓದುವಾಗ ನಾವು ಇಡೀ ಕಂಪನಿಯನ್ನೇ ಭಾವಿಸುತ್ತೇವೆ.

೨೦೧೬ರ ದಿವಾಳಿ ಸಂಹಿತೆಯಲ್ಲಿಯೂ ಇಂಥ ಒಂದು ಪದಭೇದವಿದೆ. ಅದರ ೫೩ನೆಯ ಪ್ರಕರಣದಲ್ಲಿ, ಪ್ರಕ್ರಿಯೆಯ ವೆಚ್ಚವನ್ನು ಕಳೆದ ಮೇಲೆ, ‘ವರ್ಕ್‌ಮನ್’ ಎನಿಸಿದವರ ೨೪ ತಿಂಗಳ ಬಾಕಿಯು ಈಡು ಹಿಡಿದ ಸಾಲಗಾರರೊಡನೆ ಸಮಪಂಕ್ತಿಯಲ್ಲಿ ನಿಲ್ಲುತ್ತದೆ. ಉಳಿದ ನೌಕರರ ೧೨ ತಿಂಗಳ ಬಾಕಿಯು ಅದರ ಕೆಳಗಿನ ಪಂಕ್ತಿಗೆ ಹೋಗುತ್ತದೆ. ಇವೆರಡನ್ನೂ ಕನ್ನಡದಲ್ಲಿ ‘ನೌಕರ’ನೆಂದೇ ಬರೆದುಬಿಟ್ಟರೆ, ಒಂದು ಪಂಕ್ತಿಯ ಹಕ್ಕು ನಮ್ಮ ವಾಚಕನಿಗೆ ಕಾಣಿಸದೆಯೇ ಹೋಗುತ್ತದೆ.

‘ಸಂಸ್ಥೆ’ ಎಂಬ ಪದದ ಚರಿತ್ರೆಯೂ ವಿಚಾರಾರ್ಹವಾಗಿದೆ. ಸಂಸ್ಕೃತದ ‘ಸ್ಥಾ’ ಧಾತುವೂ, ಇಂಗ್ಲಿಷ್ ಪದಕ್ಕೆ ಮೂಲವಾದ ‘ದೃಢವಾಗಿ ನಿಂತ’ ಎಂಬರ್ಥದ ಲ್ಯಾಟಿನ್ ಶಬ್ದದ ಧಾತುವೂ ಸೋದರಧಾತುಗಳು; ಎರಡರಲ್ಲಿಯೂ ‘ನಿಲ್ಲು’ ಎಂಬುದೇ ಮೂಲಾರ್ಥ. ಆದರೆ ‘ಸಂಸ್ಥಾ’ ಎಂಬುದಕ್ಕೆ ಸಂಸ್ಕೃತದಲ್ಲಿ ಮುಗಿವು, ಸಮಾಪ್ತಿ ಎಂಬ ಅರ್ಥವೂ ಉಂಟು; ಸೋಮಯಾಗಗಳನ್ನು ಏಳು ಸಂಸ್ಥೆಗಳೆಂದು ವಿಂಗಡಿಸಿರುವುದನ್ನು ಶ್ರೌತವನ್ನು ಬಲ್ಲವರು ಅರಿತಿದ್ದಾರೆ. ನಿಲ್ಲುವುದನ್ನೂ ಮುಗಿಯುವುದನ್ನೂ ಒಂದೇ ಪದ ಹೇಳಬಲ್ಲದು. ಇಷ್ಟು ಭಾರವನ್ನು ಹೊತ್ತ ಪದದ ಮೇಲೆ ಅಂಗಡಿ, ಕಂಪನಿ, ಸಂಘ, ಪರಿಷತ್ತುಗಳನ್ನೆಲ್ಲ ಹೇರಿದ್ದೇವೆ.

ಆದುದರಿಂದ ನಮ್ಮದೊಂದು ಸೂಚನೆ. ನೌಕರನು ದಿನವೂ ಹೋಗಿ ನಿಂತು ದುಡಿಯುವ ಒಂದು ಸ್ಥಳಕ್ಕೆ ‘ನೆಲೆ’ ಅಥವಾ ‘ಕೆಲಸದ ನೆಲೆ’ ಎಂದೂ, ಆ ನೆಲೆಗಳನ್ನೆಲ್ಲ ಒಳಗೊಂಡು ಒಂದು ಒಡೆತನದಲ್ಲಿರುವ ಸಮಗ್ರ ವ್ಯಾಪಾರಕ್ಕೆ ‘ಉದ್ಯಮ’ವೆಂದೂ ಬೇರೆಬೇರೆ ಪದಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ‘ನೆಲೆ’ಯೆಂಬ ಅಚ್ಚಗನ್ನಡ ಪದವೂ ‘ನಿಲ್’ ಎಂಬುದರ ಬಳಗಕ್ಕೇ ಸೇರಿದುದಾದುದರಿಂದ ಮೂಲಭಾವಕ್ಕೆ ಹಾನಿಯಿಲ್ಲ. ಹೀಗೆ ಮಾಡಿದರೆ, ಇಪ್ಪತ್ತು ಮಂದಿಯನ್ನು ಎಣಿಸತಕ್ಕುದು ನೆಲೆಯಲ್ಲಿಯೋ ಉದ್ಯಮದಲ್ಲಿಯೋ ಎಂಬುದು ಕಾಯಿದೆಯನ್ನು ಓದಿದ ಕೂಡಲೆ ಹತ್ತು ಮಂದಿಯ ಅಂಗಡಿಯಲ್ಲಿ ನಿಂತಿರುವವಳಿಗೂ ತಿಳಿಯುತ್ತದೆ.

ಪದವನ್ನು ಸರಿಪಡಿಸಿದ ಮಾತ್ರಕ್ಕೆ ಹೋದ ಕೆಲಸ ಬರುವುದಿಲ್ಲ, ಬಾಕಿಯೂ ತೀರುವುದಿಲ್ಲ. ಆದರೆ ಯಾರನ್ನು ಒಳಗಿಡುತ್ತಿದ್ದೇವೆ, ಯಾರನ್ನು ಹೊರಗಿಡುತ್ತಿದ್ದೇವೆ ಎಂಬುದು ಶಾಸನ ಮಾಡುವವರಿಗೂ, ಅದಕ್ಕೆ ಒಳಪಡುವವರಿಗೂ ಮೊದಲೇ ತಿಳಿದಿರುತ್ತದೆ. ಎಥೆಲ್ ಆಸ್ಟಿನ್ನಿನ ನೌಕರರಿಗೆ ಅದು ತಿಳಿದುದು ಅಂಗಡಿ ಮುಚ್ಚಿ ಐದು ವರ್ಷಗಳಾದ ಮೇಲೆ. ಪರಿಭಾಷೆಯನ್ನು ರೂಪಿಸುವ ವಿದ್ವಾಂಸರೂ, ಅದನ್ನು ತರಗತಿ ತರಗತಿಗೆ ಮುಟ್ಟಿಸುವ ಅಧ್ಯಾಪಕರೂ ಈ ಸೂಚನೆಯನ್ನು ಪರಿಶೀಲಿಸಿ ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಪ್ರಾರ್ಥನೆ.